ನಿಂಬೆರಸ ಹಚ್ಕೊಂಡು ಸಂಡಿಗೆ ಇಡೋಕೆ ಹೋದೆ, ಈಗ ದವಡೆ ಮೇಲೆ ಕಂದು ಗೆರೆ. ಬಂಗಿಗೆ ಯಾವ ಮನೆಮದ್ದು ಸೇಫ್?

ಪಾಪು ಅಮ್ಮ, ಚಳ್ಳಕೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ನನಗೆ 31 ವರ್ಷ. ಎರಡನೇ ಹೆರಿಗೆ ಆಗಿ ಏಳು ತಿಂಗಳಾಯ್ತು. ಬಸುರಿಯಾಗಿದ್ದಾಗ ಐದನೇ ತಿಂಗಳಿಂದ ಎರಡೂ ಕೆನ್ನೆ, ಮೂಗಿನ ಮೇಲೆ ಬಂಗು ಬಂತು. ಮೊದಲನೇ ಸಲವೂ ಬಂದಿತ್ತು, ಮಗು ಹುಟ್ಟಿ ಸ್ವಲ್ಪ ದಿನಕ್ಕೆ ತಾನಾಗೇ ತಿಳಿಯಾಗಿತ್ತು. ಈ ಸಲ ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ. ನಾನೇನು ಬೆಳ್ಳಗಾಗ್ಬೇಕು ಅಂತ ಕುಣೀತಿಲ್ಲ. ನಂದು ಎಣ್ಣೆಗೆಂಪು, ನಮ್ಮಪ್ಪನ ಬಣ್ಣ, ಅದರ ಬಗ್ಗೆ ನನಗೆ ಯಾವತ್ತೂ ಬೇಜಾರಿಲ್ಲ. ಇದ್ದ ಬಣ್ಣ ವಾಪಸ್ ಬಂದ್ರೆ ಸಾಕು. ವೈಶಾಖದಲ್ಲಿ ತಂಗಿ ಮದುವೆ ಬೇರೆ. ಫೋಟೋದಲ್ಲಿ ಎಲ್ಲರೂ "ಏನೇ ಇದು ಮುಖಕ್ಕೆ ಮಸಿ ಹತ್ತಿದೆ" ಅಂತ ಕೇಳ್ತಾರೆ ಅನ್ನೋ ಚಿಂತೆ.

ಮನೇಲಿ ಒಬ್ಬೊಬ್ಬರದ್ದು ಒಂದೊಂದು. ಅತ್ತೆ ಜಾಯಿಕಾಯಿನ ಹಾಲಲ್ಲಿ ತೇದು ಹಚ್ಚು ಅಂತಾರೆ. ಪಕ್ಕದ ಮನೆಯವರು ನಿಂಬೆರಸ, ಜೇನುತುಪ್ಪ. ತಂಗಿ ಮೊಬೈಲಲ್ಲಿ ಒಂದು ವಿಡಿಯೋ ಕಳಿಸಿದ್ಲು, ಅಡುಗೆ ಸೋಡಾಗೆ ನಿಂಬೆರಸ ಹಿಂಡಿ ಟೂತ್‌ಪೇಸ್ಟ್ ಕಲಸೋದು. ಅದನ್ನ ನೋಡಿ ನಮ್ಮನೆಯವರು "ಇದು ಬಚ್ಚಲು ತೊಳೆಯೋದಲ್ವಾ" ಅಂದ್ರು. ಇದು ಸಾಲದು ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿದ್ದಕ್ಕೆ ಒಂದು ಟ್ಯೂಬ್ ಕೊಟ್ರು. ರಾತ್ರಿ ಹಚ್ಚಿ, ಹದಿನೈದು ದಿನಕ್ಕೆ ಕ್ಲೀನ್ ಅಂದ್ರು. ಅದನ್ನ ಇನ್ನೂ ಒಡೆದಿಲ್ಲ, ಮಗು ಹಾಲು ಕುಡಿಯೋದರಿಂದ ಧೈರ್ಯ ಬರ್ಲಿಲ್ಲ.

ಈಗ ಆದದ್ದು ಹೇಳ್ತೀನಿ. ಹೋದ ಭಾನುವಾರ ಅಲ್ಲ, ಅದರ ಹಿಂದಿನ ಭಾನುವಾರ ಅಕ್ಕಿ ಸಂಡಿಗೆ ಇಡೋದಿತ್ತು. ಬೆಳಿಗ್ಗೆ ಅತ್ತೆ ಹಿಟ್ಟು ತಿರುವ್ತಾ ಇದ್ರು. ಅಷ್ಟರಲ್ಲಿ ಹಚ್ಕೊಂಡುಬಿಡೋಣ ಅಂತ ಎರಡು ನಿಂಬೆಹಣ್ಣು ಹಿಂಡಿ, ಜೇನು ಕಲಸಿ, ಹತ್ತಿಯಲ್ಲಿ ಅದ್ದಿ ಕೆನ್ನೆಗೆ ಹಚ್ಕೊಂಡೆ. ನೀರಾಗಿತ್ತು, ದವಡೆ ಕೆಳಗೆ ಇಳೀತು. ಚುರುಚುರು ಅಂತು, ಕೆಲಸ ಮಾಡ್ತಿದೆ ಅನ್ಕೊಂಡೆ. ಹದಿನೈದು ನಿಮಿಷಕ್ಕೆ ಪಾಪು ಎದ್ದು ಅಳೋಕೆ ಶುರು ಮಾಡ್ತು. ಒದ್ದೆ ಟವೆಲ್‌ನಲ್ಲಿ ಒರೆಸ್ಕೊಂಡು, ಅವನಿಗೆ ಹಾಲು ಕೊಟ್ಟು, ಸೀದಾ ಮಾಳಿಗೆ ಹತ್ತಿದೆ. ಎಂಟೂವರೆಯಿಂದ ಹನ್ನೊಂದೂವರೆವರೆಗೆ ಹಳೇ ಸೀರೆ ಹಾಸಿ ಸಂಡಿಗೆ ಇಟ್ವಿ. ನಮ್ಮೂರ ಬಿಸಿಲು ನಿಮಗೆ ಗೊತ್ತಲ್ಲ.

ಆ ದಿನ ಏನೂ ಆಗ್ಲಿಲ್ಲ. ಮಾರನೇ ದಿನ ಉರಿ, ಕೆಂಪು. ಮೂರನೇ ದಿನ ದವಡೆ ಹತ್ರ ಸಣ್ಣ ನೀರು ಬೊಬ್ಬೆ. ಅವು ಒಣಗಿದ ಮೇಲೆ ಕೆನ್ನೆಯಿಂದ ಕತ್ತಿನವರೆಗೆ ಒಂದು ಕಂದು ಗೆರೆ, ಥೇಟ್ ರಸ ಇಳಿದ ದಾರೀಲೇ, ಯಾರೋ ಕುಂಚದಲ್ಲಿ ಎಳೆದ ಹಾಗೆ. ಬಲಗೈ ಹೆಬ್ಬೆರಳು ತೋರುಬೆರಳಿನ ಸಂದೀಲೂ ಚುಕ್ಕಿ ಚುಕ್ಕಿ. ಬಂಗು ಇದ್ದ ಹಾಗೇ ಇದೆ, ಮೇಲೆ ಇದೊಂದು ಬಹುಮಾನ.

ಇದು ಹೋಗುತ್ತಾ? ಜಾಯಿಕಾಯಿ ಹಚ್ಚಬಹುದಾ? ಆ ಟ್ಯೂಬ್? ಮತ್ತೆ ಕಡಲೆಹಿಟ್ಟು ಅರಿಶಿನವೂ ಬೇಡ್ವಾ? ಅದನ್ನ ಪಾಪುಗೂ ಸ್ನಾನ ಮಾಡಿಸುವಾಗ ಹಚ್ತಾ ಇದ್ದೀನಿ.

ಗಿರಿಜಮ್ಮ, ತೀರ್ಥಹಳ್ಳಿ

ಅಯ್ಯೋ ಮಗಳೇ, ನಿಂಬೆಹಣ್ಣು ಯಾಕಮ್ಮ ಹಚ್ಕೊಂಡೆ. ನಿಮ್ಮ ಅತ್ತೆ ಹೇಳಿದ್ದೇ ಸರಿ. ನನಗೆ ದೊಡ್ಡ ಮಗ ಹುಟ್ಟಿದಾಗ ಇಡೀ ಮುಖ ಬಂಗು. ನಮ್ಮಮ್ಮ ಸಾಣೆಕಲ್ಲಲ್ಲಿ ಜಾಯಿಕಾಯಿ ತೇದು ಹಚ್ಚಿ ಹಚ್ಚಿ ಐದಾರು ತಿಂಗಳಿಗೆ ಹೋಯ್ತು. ಆಗ ಯಾವ ಡಾಕ್ಟ್ರೂ ಇಲ್ಲ, ಕ್ರೀಮೂ ಇಲ್ಲ. ನಮ್ಮಜ್ಜಿ 80 ದಾಟೋವರೆಗೂ ಅರಿಶಿನ ಹಚ್ಕೊಂಡೇ ಸ್ನಾನ ಮಾಡ್ತಿದ್ರು, ಮುಖ ಬೆಣ್ಣೆ ಹಾಗಿತ್ತು. ಕಂಪನಿಯವರ ಡಬ್ಬಿಗಿಂತ ಮನೇದೇ ಒಳ್ಳೇದು.

ಸುಧಕ್ಕ, ಹಾಸನ

ಪಾಪು ಅಮ್ಮ, ನಾನು 2008ರಿಂದ ಪಾರ್ಲರ್ ನಡೆಸ್ತಿದ್ದೀನಿ. ಡಾಕ್ಟರ್ ಅಲ್ಲ. ಆದ್ರೆ ಮುಖ ಕೆಡಿಸ್ಕೊಂಡು ಬಂದೋರನ್ನ ಬೇಕಾದಷ್ಟು ನೋಡಿದ್ದೀನಿ, ನಂದೂ ಕೆಡಿಸ್ಕೊಂಡಿದ್ದೀನಿ, ಬೇರೆಯವರದ್ದೂ ಕೆಡಿಸಿದ್ದೀನಿ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಆ ಗೆರೆ. ರಸ ಇಳಿದ ದಾರೀಲೇ ಗೆರೆ, ಹಿಂಡಿದ ಬೆರಳಿನ ಸಂದೀಲಿ ಚುಕ್ಕಿ ಅಂದ ತಕ್ಷಣ ಗೊತ್ತಾಯ್ತು. ಜಾತ್ರೇಲಿ ನಿಂಬೆ ಶರಬತ್ತು ಮಾರೋ ಹುಡುಗನ ಮುಂಗೈ ಮೇಲೆ ಇದೇ ಥರ ನೋಡಿದ್ದೆ, ಪಾಪ ಅವನು ಬಿಸಿ ಎಣ್ಣೆ ಸಿಡೀತೇನೋ ಅನ್ಕೊಂಡಿದ್ದ. ನಿಂಬೆ ಜಾತಿ ಹಣ್ಣಲ್ಲಿ ಫ್ಯೂರೊಕೌಮರಿನ್ ಅಂತ ಒಂದು ವಸ್ತು ಇರುತ್ತೆ. ನೆರಳಲ್ಲಿ ತೆಪ್ಪಗಿರುತ್ತೆ. ಚರ್ಮದ ಮೇಲೆ ಅದು ಇದ್ದಾಗ ಬಿಸಿಲಿನ ನೇರಳಾತೀತ ಕಿರಣ ಬಿತ್ತು ಅಂದ್ರೆ ಚರ್ಮ ಸುಡುತ್ತೆ. ಅದೂ ಆಗಿಂದಾಗ್ಗೆ ಅಲ್ಲ, ಒಂದು ದಿನ ಬಿಟ್ಟು ಕೆಂಪು, ಎರಡು ಮೂರನೇ ದಿನ ಬೊಬ್ಬೆ, ಆಮೇಲೆ ಕಂದು. ನೀನು ಬರೆದಿರೋ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತೆ. ರಸಕ್ಕಿಂತ ಸಿಪ್ಪೇಲಿ ಇದು ಜಾಸ್ತಿ, ಅದಕ್ಕೇ ಹಿಂಡಿದ ಕೈಗೂ ಬಂದಿದೆ. ಹೋಳನ್ನೇ ತಗೊಂಡು ಮುಖಕ್ಕೆ ತಿಕ್ಕೋ ಹುಡುಗಿಯರನ್ನ ನೆನೆಸ್ಕೊಂಡ್ರೆ ನನಗೆ ಮೈ ಜುಂ ಅನ್ನುತ್ತೆ. ನಮ್ಮ ಸಂತೇಲಿ ಸಿಗೋ ತೆಳು ಸಿಪ್ಪೆ ಸಣ್ಣ ನಿಂಬೆಹಣ್ಣು ಈ ವಿಷಯದಲ್ಲಿ ಆ ದೊಡ್ಡ ಹಳದಿ ಲೆಮನ್‌ಗಿಂತ ಜೋರು.

ಗೆರೆ ಹೋಗುತ್ತೆ, ಹೆದರಬೇಡ. ಆದ್ರೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅದನ್ನ ತಿಕ್ಕೋಕೆ, ಸುಲಿಯೋಕೆ, ಮತ್ತೊಂದು ಹಚ್ಚೋಕೆ ಹೋಗ್ಬೇಡ. ಬಿಸಿಲಿಂದ ಮುಚ್ಕೋ, ಅಷ್ಟೆ. ಬೊಬ್ಬೆ ಒಡೆದು ಕೀವು ಏನಾದ್ರೂ ಆದ್ರೆ ಮಾತ್ರ ಕಾಯದೆ ಹೋಗು.

ಆ ಚುರುಚುರು ಬಗ್ಗೆ ಒಂದು ಮಾತು. "ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ" ಅಂತ ನಾನೂ ಗಿರಾಕಿಗಳಿಗೆ ಹೇಳ್ತಿದ್ದೆ. ಶುದ್ಧ ಸುಳ್ಳು ಕಣಮ್ಮ. ನಮ್ಮಂಥ ಕಂದು ಚರ್ಮಕ್ಕೆ ಒಂದು ಗುಣ ಇದೆ, ಎಲ್ಲಿ ಉರಿ ಬಿತ್ತೋ ಅಲ್ಲಿ ಕಪ್ಪು ಬರೆದಿಡುತ್ತೆ. ಮೊಡವೆ ಹಿಂಡಿದ್ರೆ ಕಲೆ, ಸೊಳ್ಳೆ ಕಚ್ಚಿದ್ದು ಕೆರೆದ್ರೆ ಕಲೆ, ದೋಸೆ ಹಂಚು ತಾಗಿದ್ರೆ ವರ್ಷಗಟ್ಟಲೆ ಕಲೆ. ಬೆಳ್ಳಗಾಗ್ಲಿ ಅಂತ ಉರಿಸ್ಕೊಂಡ್ರೆ ಕೊನೆಗೆ ಬರೋದು ಕಪ್ಪೇ. ಮನೇದೋ ಅಂಗಡೀದೋ ಅಂತ ನಾನು ಈಗ ನೋಡಲ್ಲ. ಉರಿಯುತ್ತಾ ಇಲ್ವಾ, ಅಷ್ಟು ನೋಡ್ತೀನಿ.

ನಿಮ್ಮನೆಯವರು ಬಚ್ಚಲು ತೊಳೆಯೋದು ಅಂದ್ರಲ್ಲ, ಅವರಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ. ಚರ್ಮದ ಮೇಲ್ಪದರ ಸ್ವಲ್ಪ ಹುಳಿ ಗುಣದ್ದು, ಪಿಎಚ್ 5ರ ಆಸುಪಾಸು (ಈ ಅಂಕಿ ಕಮ್ಮಿ ಆದಷ್ಟೂ ಹುಳಿ ಜಾಸ್ತಿ). ನಿಂಬೆರಸ 2ರ ಹತ್ರ, ಅಡುಗೆ ಸೋಡಾ 8ರ ಮೇಲೆ. ಒಂದು ಈ ಕಡೆ ಎಳೆಯುತ್ತೆ, ಇನ್ನೊಂದು ಆ ಕಡೆ. ಎರಡೂ ಕಲಸಿದಾಗ ಬುಸ್ ಅಂತ ನೊರೆ ಬರುತ್ತಲ್ಲ, ವಿಡಿಯೋದಲ್ಲಿ "ನೋಡಿ ಕೊಳೆ ಹೇಗೆ ಹೊರಗೆ ಬರ್ತಿದೆ" ಅಂತಾರೆ. ಆ ನೊರೆ ಬಟ್ಟಲಲ್ಲೂ ಬರುತ್ತೆ. ಬಟ್ಟಲಿಗೆ ಯಾವ ಕೊಳೆ? ಟೂತ್‌ಪೇಸ್ಟ್ ಹಚ್ಚಿ ಮೂಗಿನ ಪಕ್ಕ ಸಿಪ್ಪೆ ಎದ್ದು ಬಂದ ಪಿಯುಸಿ ಹುಡುಗಿಯರು ಪ್ರತಿ ಮೇ ತಿಂಗಳು ಒಬ್ಬಿಬ್ಬರಾದ್ರೂ ನನ್ನ ಹತ್ರ ಬರ್ತಾರೆ.

ಗಿರಿಜಮ್ಮನವರೇ, ತಪ್ಪು ತಿಳೀಬೇಡಿ. ಬಸುರಿ ಬಂಗು ಎಷ್ಟೋ ಜನಕ್ಕೆ ಹೆರಿಗೆ ಆದ ಮೇಲೆ ತಿಂಗಳು ಕಳೆದ ಹಾಗೆ ತಾನೇ ತಿಳಿಯಾಗುತ್ತೆ. ಪಾಪು ಅಮ್ಮನಿಗೂ ಮೊದಲನೇ ಸಲ ಏನೂ ಹಚ್ಚದೇ ಹೋಯ್ತಲ್ಲ. ನಿಮಗೂ ಆರು ತಿಂಗಳಿಗೆ ಹೋಗಿದೆ, ಹೆಸರು ಮಾತ್ರ ಜಾಯಿಕಾಯಿಗೆ ಬಂತು. ಕೆಲವರಿಗೆ ಜಾಯಿಕಾಯಿ ಎಣ್ಣೆ ಕೆರೆತ, ಕೆಂಪು ತರುತ್ತೆ. ಸಾಣೆಕಲ್ಲಿನ ತರಿ ಬೇರೆ. ಈಗ ಸುಟ್ಟಿರೋ ಮುಖಕ್ಕಂತೂ ಬೇಡವೇ ಬೇಡ.

ಈಗ ನನ್ನ ಕಥೆ. 2013. ಒಬ್ಬ ಸೇಲ್ಸ್‌ನವನು ಬಿಳೀ ಪುಟ್ಟ ಡಬ್ಬಿಗಳು ತಂದು ಕೊಡ್ತಿದ್ದ. ಲೇಬಲ್ ಇಲ್ಲ, "ಫಾರ್ಮುಲಾ ಕ್ರೀಮ್ ಮೇಡಂ, ಎಲ್ಲಾ ಪಾರ್ಲರ್‌ನವರೂ ತಗೋತಾರೆ" ಅಂತಿದ್ದ. ಮೊದಲು ನಾನೇ ಹಚ್ಕೊಂಡೆ. ಹತ್ತೇ ದಿನಕ್ಕೆ ಮುಖ ಅಂದ್ರೆ ಸುಲಿದ ಬಾದಾಮಿ. ನಮ್ಮಮ್ಮನೇ ಏನು ಮಾಡ್ಕೊಂಡೆ ಅಂತ ಕೇಳಿದ್ರು. ಆಮೇಲೆ ನಾನು ಮಾಡಿದ್ದು ಕೇಳು. ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಕಿತ್ತಳೆ ಸಿಪ್ಪೆ ಪುಡಿ ಕಲಸಿ, ಅದಕ್ಕೆ ಈ ಕ್ರೀಮ್ ಒಂದು ಚಮಚ ಸೇರಿಸಿ, "ನಮ್ಮಜ್ಜಿ ಕಾಲದ ಮನೆಮದ್ದು" ಅಂತ ಗಿರಾಕಿಗಳಿಗೆ ಹಚ್ತಿದ್ದೆ. ಮನೆಗೂ ಸಣ್ಣ ಡಬ್ಬೀಲಿ ಕೊಡ್ತಿದ್ದೆ. ಮೋಸ ಮಾಡ್ತಿದ್ದೀನಿ ಅಂತ ಅನ್ನಿಸ್ಲೇ ಇಲ್ಲ, ಅವರಿಗೆ ಒಳ್ಳೇದೇ ಆಗ್ತಿದೆಯಲ್ಲ ಅಂತ.

ಐದು ತಿಂಗಳು ನಡೀತು. ಆಮೇಲೆ ಆ ಮನುಷ್ಯ ಬರೋದು ನಿಲ್ಲಿಸಿದ. ಕ್ರೀಮ್ ಮುಗಿದು ನಾಲ್ಕನೇ ದಿನ ಬೆಳಿಗ್ಗೆ ಇಡ್ಲಿ ಪಾತ್ರೆ ಮುಚ್ಚಳ ತೆಗೆದೆ. ದಿನಾ ತೆಗೆಯೋದೇ. ಆ ಹಬೆ ಮುಖಕ್ಕೆ ಬಡೀತು ನೋಡು, ಹಸಿಮೆಣಸಿನಕಾಯಿ ಅರೆದು ಎರಚಿದ ಹಾಗೆ. ಮುಚ್ಚಳ ಕೈಯಿಂದ ಬಿತ್ತು. ಕನ್ನಡಿ ನೋಡಿದ್ರೆ ಕೆನ್ನೆ ಟೊಮೆಟೊ. ವಾರದಲ್ಲಿ ಗಲ್ಲದ ತುಂಬ ಸಣ್ಣ ಸಣ್ಣ ಗುಳ್ಳೆ. ಬಿಸಿಲಿಗೆ ಹೋಗೋ ಹಾಗಿಲ್ಲ, ಒಲೆ ಮುಂದೆ ನಿಲ್ಲೋ ಹಾಗಿಲ್ಲ, ಸೋಪು ತಾಗೋ ಹಾಗಿಲ್ಲ. ಬೆಂಗಳೂರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದ್ದು, "ಎಷ್ಟು ತಿಂಗಳಿಂದ ಸ್ಟೀರಾಯ್ಡ್ ಹಚ್ತಿದ್ದೀರಿ?" ನಾನು ಯಾವ ಸ್ಟೀರಾಯ್ಡೂ ಹಚ್ಚಿಲ್ಲ ಅಂದೆ. ಅವರು ನಕ್ಕರು, ಬೈಲಿಲ್ಲ. ಪುಣ್ಯಾತ್ಮರು.

ಮುಖ ಒಂದು ಹದಕ್ಕೆ ಬರೋಕೆ ಒಂದೂವರೆ ವರ್ಷ ಹಿಡೀತು. ಮೂಗಿನ ಪಕ್ಕ ಕೆಂಪು ನೂಲಿನಂಥ ರಕ್ತನಾಳ ಈಗಲೂ ಕಾಣುತ್ತೆ. ನನ್ನ ಹತ್ರ ಡಬ್ಬಿ ಒಯ್ದಿದ್ದವರು ಹನ್ನೊಂದು ಜನ. ಲೆಕ್ಕದ ಪುಸ್ತಕ ತೆಗೆದು, ಹನ್ನೊಂದು ಮನೆಗೂ ಹೋಗಿ ಹೇಳಿದೆ. ಇಬ್ಬರು ಬೈದ್ರು, ಒಬ್ಬರು ಇವತ್ತಿಗೂ ಮಾತಾಡಲ್ಲ. ಇನ್ನೊಬ್ಬರು ಮಾತ್ರ ಮೆಲ್ಲಗೆ ಕೇಳಿದ್ರು, "ಇನ್ನೊಂದು ಡಬ್ಬಿ ಇದ್ರೆ ಕೊಡೇ ಸುಧಾ."

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದ್ರೆ, ಮನೆಮದ್ದು ಅನ್ನೋ ಹೆಸರಲ್ಲಿ ಹತ್ತು ದಿನಕ್ಕೆ ಬೆಳ್ಳಗೆ ಮಾಡೋದು ಯಾವುದಾದ್ರೂ ಸಿಕ್ಕರೆ, ಅದರ ಒಳಗೆ ಮನೇದಲ್ಲದ್ದು ಏನೋ ಇದೆ. ಕಡಲೆಹಿಟ್ಟಿಗೆ ಆ ಶಕ್ತಿ ಇಲ್ಲ. ನಾನು ವರ್ಷಗಟ್ಟಲೆ ಹಚ್ಚಿದವಳು ಹೇಳ್ತಿದ್ದೀನಿ, ಕಡಲೆಹಿಟ್ಟು ಜಿಡ್ಡು ತೆಗೆಯುತ್ತೆ, ಮೇಲಿನ ಒಣ ಪದರ ಹೋಗುತ್ತೆ, ಬೆಳಕು ಚೆನ್ನಾಗಿ ಬಿದ್ದು ಮುಖ ಕಳೆಯಾಗಿ ಕಾಣುತ್ತೆ. ಸಂಜೆ ಫಂಕ್ಷನ್‌ಗೆ ಅಷ್ಟು ಸಾಕು. ಬಣ್ಣ ಬದಲಾಗಲ್ಲ.

ಕಡಲೆಹಿಟ್ಟು ಹಚ್ಕೋಬಹುದು. ಆದ್ರೆ ಪೂರ್ತಿ ಒಣಗಿ ಬಿರುಕು ಬಿಡೋವರೆಗೆ ಇಟ್ಟು, ಒಣಗಿದ್ದನ್ನೇ ಉದುರಿಸಿ ಉಜ್ಜೋದು ಬೇಡ. ಹಸಿಯಾಗಿದ್ದಾಗಲೇ ನೀರು ಚಿಮುಕಿಸಿ ತೊಳಿ. ಹೆಸರುಕಾಳಿನ ಹಿಟ್ಟು ಇನ್ನೂ ಮೃದು. ಮೊಸರು, ಹಾಲಿನ ಕೆನೆ ಬಹುಪಾಲು ಜನಕ್ಕೆ ಏನೂ ಮಾಡಲ್ಲ, ಮೊಡವೆ ಇರೋರಿಗೆ ಕೆನೆ ಬೇಡ. ಲೋಳೆಸರ ಹಚ್ಚೋರು ಎಲೆ ಕೊಯ್ದು ಬಟ್ಟಲಲ್ಲಿ ನಿಲ್ಲಿಸಿ, ಹಳದಿ ಹಾಲು ಪೂರ್ತಿ ಸೋರಿ ಹೋಗ್ಲಿ. ಕೆರೆತ ತರೋದು ಆ ಹಳದಿ, ಒಳಗಿನ ಲೋಳೆ ಅಲ್ಲ. ಪರಂಗಿಕಾಯಿ ಹಾಲಂತೂ ಮುಖದ ಹತ್ರ ತರಬೇಡಿ. ಹೊಸದು ಏನೇ ಆಗ್ಲಿ, ಮೊಣಕೈ ಒಳಮಡಿಕೆಯಲ್ಲಿ ಎಂಟಾಣೆ ಅಗಲಕ್ಕೆ ದಿನಾ ಹಚ್ಚಿ ಒಂದು ವಾರ ನೋಡಿ. ಒಂದೇ ಸಲ ಹಚ್ಚಿ ಅರ್ಧ ಗಂಟೆ ನೋಡಿ "ನನಗೇನೂ ಆಗ್ಲಿಲ್ಲ" ಅನ್ನೋದು ಲೆಕ್ಕಕ್ಕಿಲ್ಲ, ಅಲರ್ಜಿ ಎರಡು ಮೂರು ದಿನ ಬಿಟ್ಟೂ ಏಳುತ್ತೆ.

ಪಾಪುಗೆ ಹಿಟ್ಟು ಹಚ್ಚಿ ತಿಕ್ಕೋದು ಬಿಡು. ಮಕ್ಕಳ ಚರ್ಮ ತೆಳು. ಅವನ ಬಣ್ಣ ಅವನಿಗೆ ಬಂದಾಗಿದೆ.

ಬಂಗಿಗೆ ನಿಜವಾಗಿ ಮಾಡಬೇಕಾದ್ದು ಬಿಸಿಲು ತಡೆಯೋದು. ಟ್ಯೂಬ್ ಒಡೆಯಬೇಡ, ಅದರ ಮೇಲೆ ಏನು ಬರೆದಿದೆ ಇಲ್ಲಿ ಹಾಕು.

ಹೆಲ್ಮೆಟ್ ಹುಡುಗ, ಬೆಂಗಳೂರು

ಗಂಡಸರೂ ಕೇಳಬಹುದಾ ಇಲ್ಲಿ? ಡೆಲಿವರಿ ಕೆಲಸ, ದಿನಾ ಹತ್ತು ಗಂಟೆ ಬೈಕ್ ಮೇಲೆ. ಹಣೆ ಒಂದು ಬಣ್ಣ, ಮೂಗಿಂದ ಕೆಳಗೆ ಇನ್ನೊಂದು ಬಣ್ಣ, ಮೊಣಕೈಯಿಂದ ಕೆಳಗೆ ಮೂರನೇ ಬಣ್ಣ. ರೂಮಲ್ಲಿ ಹುಡುಗರು ಕಾಫಿಪುಡಿ ಸಕ್ಕರೆ ಹಾಕಿ ತಿಕ್ಕು ಅಂದ್ರು, ತಿಕ್ಕಿದೆ, ಕೆನ್ನೆ ತರಚಿಹೋಯ್ತು. ಮೇಲಿನದ್ದು ಓದಿ ಗಾಬರಿಯಾಗಿದೆ.

ಸುಧಕ್ಕ, ಹಾಸನ

ಕಾಫಿಪುಡಿ ಕುಡಿಯೋಕಪ್ಪ. ಸಕ್ಕರೆ ಹರಳು ಮುಖದ ಮೇಲೆ ಮರಳು ಕಾಗದದ ಕೆಲಸ ಮಾಡುತ್ತೆ. ಬಿಸಿಲಿಂದ ಬಂದ ಕಪ್ಪು ಮೇಲ್ಪದರದ್ದು. ಚರ್ಮ ಸುಮಾರು ನಾಲ್ಕು ವಾರಕ್ಕೊಮ್ಮೆ ತಾನೇ ಮೇಲ್ಪದರ ಬದಲಾಯಿಸುತ್ತೆ, ಹೊಸ ಬಿಸಿಲು ಬೀಳದ ಹಾಗೆ ನೋಡ್ಕೊಂಡ್ರೆ ತಾನೇ ಇಳಿಯುತ್ತೆ. ಉದ್ದ ತೋಳಿನ ಅಂಗಿ, ಕೈಗವಸು, ಸನ್‌ಸ್ಕ್ರೀನ್. ತರಚಿದ ಜಾಗಕ್ಕೆ ಸದ್ಯಕ್ಕೆ ವ್ಯಾಸಲೀನ್ ಬಿಟ್ಟು ಇನ್ನೇನೂ ಬೇಡ.

ಪಾಪು ಅಮ್ಮ, ಚಳ್ಳಕೆರೆ

ಅಕ್ಕಾ, ಓದ್ತಾ ಓದ್ತಾ ಇಡ್ಲಿ ಪಾತ್ರೆ ಹತ್ರ ನನ್ನ ಕೈಯೇ ಮುಖಕ್ಕೆ ಹೋಯ್ತು. ಟ್ಯೂಬ್ ಮೇಲೆ ಸಣ್ಣಕ್ಷರದಲ್ಲಿ ಹೈಡ್ರೊಕ್ವಿನೋನ್ 2%, ಟ್ರೆಟಿನಾಯ್ನ್ 0.025%, ಮೊಮೆಟಾಸೋನ್ 0.1% ಅಂತ ಇದೆ. ಎಡಗಡೆ ಒಂದು ಕೆಂಪು ಗೆರೆ.

ಔಷಧಿ ಅಂಗಡಿಯವನು, ತಿಪಟೂರು

ಅಕ್ಕ, ಒಡೆಯದೇ ಇದ್ದದ್ದು ಒಳ್ಳೆಯದಾಯ್ತು. ನಾನು ಬಿ.ಫಾರ್ಮ, ಅಂಗಡಿ ಇಟ್ಟು ಹದಿನಾರು ವರ್ಷ. ನಮ್ಮ ಕಸುಬಿನವರ ತಪ್ಪು ನಾನೇ ಒಪ್ಪಿಕೊಂಡು ಬರೆಯುತ್ತೇನೆ.

ಈ ಮೂರರ ಮಿಶ್ರಣ ಹೊಸದೇನಲ್ಲ. ಹೈಡ್ರೊಕ್ವಿನೋನ್, ಟ್ರೆಟಿನಾಯ್ನ್ ಜೊತೆಗೆ ಒಂದು ಸ್ಟೀರಾಯ್ಡ್ (ನಿಮ್ಮ ಟ್ಯೂಬಿನಲ್ಲಿ ಅದು ಮೊಮೆಟಾಸೋನ್) ಸೇರಿಸುವ ಸೂತ್ರವನ್ನು ಅಮೆರಿಕದ ಚರ್ಮವೈದ್ಯ ಕ್ಲಿಗ್ಮನ್ 1975ರಲ್ಲಿ ಕೊಟ್ಟರು, ಬಂಗಿಗೆ ಇಂದಿಗೂ ವೈದ್ಯರು ಬರೆಯುತ್ತಾರೆ. ಆದರೆ ಕೆಲವೇ ವಾರಗಳ ಲೆಕ್ಕದಲ್ಲಿ, ನೋಡಿಕೊಂಡು, ನಿಲ್ಲಿಸುವ ದಿನ ಹೇಳಿ. ನಮ್ಮಲ್ಲಿ ಅದೇ ಟ್ಯೂಬನ್ನು ಜನ ಸ್ನೋ ಪೌಡರ್ ಹಾಗೆ ವರ್ಷಾನುಗಟ್ಟಲೆ ಹಚ್ಚುತ್ತಾರೆ. ಸ್ಟೀರಾಯ್ಡ್ ಮೊದಲು ರಕ್ತನಾಳ ಬಿಗಿ ಮಾಡುತ್ತದೆ, ಮುಖ ಬಿಳಿಚಿ ಹೊಳೆಯುತ್ತದೆ. ಅಲ್ಲೇ ಮೋಸ ಹೋಗೋದು. ನಿಲ್ಲಿಸಿದರೆ ಸುಧಕ್ಕನವರ ಇಡ್ಲಿ ಪಾತ್ರೆ. ಕೆಲವು ಹೆಣ್ಣುಮಕ್ಕಳಿಗೆ ಮುಖದ ಮೇಲೆ ಕೂದಲೂ ಬರುತ್ತದೆ. ಇಂಥ ಮುಖಗಳು ನಮ್ಮ ದೇಶದಲ್ಲಿ ಎಷ್ಟು ಹೆಚ್ಚಾದವು ಅಂದರೆ, ಚರ್ಮವೈದ್ಯರೇ ಅದಕ್ಕೊಂದು ಬೇರೆ ಹೆಸರು ಇಟ್ಟು ಸರ್ಕಾರದ ಹಿಂದೆ ಬಿದ್ದರು. 2018ರಲ್ಲಿ ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದರು, ಅಂದರೆ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ನೀವು ನೋಡಿದ ಕೆಂಪು ಗೆರೆ ಅದರ ಗುರುತು. ಆದರೂ ಕೌಂಟರ್ ಮುಂದೆ ಬಂದು "ಬಂಗಿಗೆ ಏನಾದ್ರೂ ಕೊಡಿ" ಅಂದರೆ ಕೈ ತಾನಾಗಿ ಆ ಕಪಾಟಿಗೆ ಹೋಗುತ್ತದೆ. ನಾನು ಕೊಡದಿದ್ದರೆ ಎದುರಿನ ಅಂಗಡಿಯವನು ಕೊಡುತ್ತಾನೆ ಅನ್ನುವುದು ನಮ್ಮ ಹಳೇ ನೆಪ.

ಇನ್ನೊಂದು ಕೂಸಿನ ವಿಚಾರ. ಬಸುರಿಯರಿಗೆ ಇದನ್ನು ಕೊಡುವುದಿಲ್ಲ, ಹಾಲೂಡಿಸುವಾಗಲೂ ವೈದ್ಯರನ್ನು ಕೇಳದೆ ಬೇಡ. ಕೂಸು ತಾಯಿಯ ಕೆನ್ನೆಗೆ ಕೆನ್ನೆ ಉಜ್ಜುತ್ತದೆ, ಗಲ್ಲ ಚೀಪುತ್ತದೆ. ನೀವು ಹಚ್ಚಿದ್ದರಲ್ಲಿ ಒಂದು ಪಾಲು ಅದಕ್ಕೂ ಹೋಗುತ್ತದೆ.

ಲೇಬಲ್ ಇಲ್ಲದ ಡಬ್ಬಿಗಳಲ್ಲಿ ಸ್ಟೀರಾಯ್ಡ್ ಅಲ್ಲದಿದ್ದರೆ ಪಾದರಸ. ಅದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಆಗುವುದನ್ನೇ ತಡೆಯುತ್ತದೆ, ಬೆಳ್ಳಗೆ ಮಾಡುವುದೇನೋ ನಿಜ. ಆದರೆ ಮೈಯೊಳಗೆ ಇಳಿದು ಕಿಡ್ನಿಗೆ ಕೂರುತ್ತದೆ. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೈ ಊದಿಕೊಂಡು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಾ ಬಂದವರನ್ನು ವಿಚಾರಿಸಿದಾಗ ಹಲವರು ಇಂಥ ಕ್ರೀಮ್ ಹಚ್ಚುತ್ತಿದ್ದದ್ದು ಬಯಲಾಗಿ ಸುದ್ದಿಯಾಗಿತ್ತು. ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇಲ್ಲದಿದ್ದರೆ ಮುಟ್ಟಬೇಡಿ. "ಚಿನ್ನ ಬೆಳ್ಳಿ ಒಡವೆಗೆ ತಾಗಿಸಬೇಡಿ" ಅಂತ ಬರೆದಿದ್ದರಂತೂ ಅಂಗಡಿಯಲ್ಲೇ ಬಿಟ್ಟು ಬನ್ನಿ. ಪಾದರಸ ಚಿನ್ನವನ್ನು ತಿನ್ನುತ್ತದೆ, ಅದಕ್ಕೇ ಆ ಎಚ್ಚರಿಕೆ.

ಅರಿಶಿನದ ಮಾತು ಬಂತಲ್ಲ. ಗಿರಿಜಮ್ಮನವರ ಅಜ್ಜಿ ಹಚ್ಚುತ್ತಿದ್ದದ್ದು ಮನೆಯ ಕೊಂಬು, ಕಲ್ಲಿನ ಮೇಲೆ ತೇದದ್ದು. ಇವತ್ತು ಸಂತೆಯಲ್ಲಿ ಸಡಿಲವಾಗಿ ಮಾರುವ ಪುಡಿಗೆ ಮೆಟಾನಿಲ್ ಯೆಲ್ಲೋ ಬಣ್ಣ, ಸೀಸದ ಕ್ರೋಮೇಟ್ ಬೆರೆಸಿದ ಪ್ರಕರಣಗಳು ಹಿಂದಿನಿಂದಲೂ ಸಿಕ್ಕಿವೆ. ಕಸ್ತೂರಿ ಅರಿಶಿನ ಎಂದು ಕೊಡುವ ಪುಡಿ ಕಣ್ಣು ಕುಕ್ಕುವಷ್ಟು ಹಳದಿ ಇದ್ದರೆ ಅನುಮಾನ ಪಡಿ. ನಿಜವಾದದ್ದು ಮಂಕು ಬಣ್ಣ, ಕರ್ಪೂರದಂಥ ವಾಸನೆ, ಮುಖಕ್ಕೆ ಅಷ್ಟಾಗಿ ಹಳದಿ ಹಿಡಿಯುವುದಿಲ್ಲ. ಶುದ್ಧ ಅರಿಶಿನಕ್ಕೂ ಕೆಲವರಿಗೆ ಅಲರ್ಜಿ ಆಗುತ್ತದೆ.

ಟ್ಯೂಬ್ ವಾಪಸ್ ಕೊಡಿ. ತೆಗೆದುಕೊಳ್ಳದಿದ್ದರೆ ಹೋಗಲಿ ಬಿಡಿ, ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಕೈಯಲ್ಲಿ ಹಿಡಿದುಕೊಂಡು ಹೋಗಿ. ಜಿಲ್ಲಾಸ್ಪತ್ರೆಯಲ್ಲಿ ಚರ್ಮದ ಓಪಿಡಿ ಇರುತ್ತದೆ.

ಗಿರಿಜಮ್ಮ, ತೀರ್ಥಹಳ್ಳಿ

ಸುಧಾ, ನಾನೇನು ಬೇಜಾರು ಮಾಡ್ಕೊಂಡಿಲ್ಲಮ್ಮ. ನೆನಪು ಮಾಡ್ಕೊಂಡ್ರೆ ಆಗ ಬಾಣಂತನ ಅಂತ ಮೂರು ತಿಂಗಳು ನನ್ನನ್ನ ಹೊಸ್ತಿಲು ದಾಟೋಕೇ ಬಿಡ್ಲಿಲ್ಲ. ಮಳೆಗಾಲ ಬೇರೆ. ಬಿಸಿಲೇ ಕಂಡಿರ್ಲಿಲ್ಲ ನಾನು.

ಸುಧಕ್ಕ, ಹಾಸನ

ಗಿರಿಜಮ್ಮನವರೇ, ಆಗುಂಬೆ ಪಕ್ಕದ ಮಳೆಗಾಲ, ಕತ್ತಲೆ ಕೋಣೆ! ಅದಕ್ಕಿಂತ ಒಳ್ಳೇ ಸನ್‌ಸ್ಕ್ರೀನ್ ಯಾವ ಕಂಪನಿಯವನು ಮಾಡ್ತಾನೆ.

ಪಾಪು ಅಮ್ಮ, ಚಳ್ಳಕೆರೆ

ಮೂರು ವಾರ ಆದ ಮೇಲೆ ಬರ್ತಿದ್ದೀನಿ. ಚಿತ್ರದುರ್ಗಕ್ಕೆ ಹೋಗಿ ತೋರಿಸಿದೆ. ಡಾಕ್ಟರಮ್ಮ ನನ್ನ ದವಡೆ ನೋಡಿ, "ನಿಂಬೆನಾ?" ಅಂದ್ರು. ನಾನಿನ್ನೂ ಬಾಯಿ ಬಿಟ್ಟಿರ್ಲಿಲ್ಲ.

ಗೆರೆಗೆ ಔಷಧಿ ಏನೂ ಕೊಡ್ಲಿಲ್ಲ, ಹೋಗುತ್ತೆ ಅಂದ್ರು. ಬಂಗಿಗೆ ಅಝೆಲಾಯಿಕ್ ಆ್ಯಸಿಡ್ ಅನ್ನೋ ಕ್ರೀಮ್ ಬರೆದು, ಹಾಲೂಡಿಸುವಾಗ ನಡೆಯುತ್ತೆ, ಆದ್ರೆ ಹಚ್ಚಿದ ತಕ್ಷಣ ಮಗುವಿನ ಕೆನ್ನೆ ತಾಗಿಸ್ಬೇಡ ಅಂದ್ರು. ಅದಕ್ಕೆ ಅವನು ಮಲಗಿದ ಮೇಲೆ ಹಚ್ಕೋತೀನಿ. ಮದುವೆಯೊಳಗೆ ಹೋಗುತ್ತಾ ಅಂತ ಕೇಳಿದೆ. "ಮೂರು ನಾಲ್ಕು ತಿಂಗಳು ಹಿಡಿಯುತ್ತೆ, ಅಷ್ಟರಲ್ಲಿ ಮದುವೆ ಮುಂದಕ್ಕೆ ಹಾಕೋಕಾಗುತ್ತಾ ಕೇಳು" ಅಂದ್ರು. ಗರ್ಭನಿರೋಧಕ ಮಾತ್ರೆ ತಗೋತಿದ್ದೀಯಾ ಅಂತಲೂ ವಿಚಾರಿಸಿದ್ರು, ಅದರಿಂದಲೂ ಬಂಗು ಜಾಸ್ತಿ ಆಗುತ್ತಂತೆ. ನನಗೆ ಗೊತ್ತೇ ಇರ್ಲಿಲ್ಲ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30ಕ್ಕಿಂತ ಮೇಲಿನದ್ದು, ಚರ್ಮದ ಬಣ್ಣ ಬೆರೆಸಿರೋದು ತಗೋ ಅಂದ್ರು. ಆ ಬಣ್ಣದಲ್ಲಿರೋ ಐರನ್ ಆಕ್ಸೈಡ್ ಕಣ್ಣಿಗೆ ಕಾಣೋ ಬೆಳಕನ್ನೂ ತಡೆಯುತ್ತಂತೆ, ಬಂಗಿಗೆ ಅದೂ ಬೇಕಂತೆ. ತೋರುಬೆರಳು, ಮಧ್ಯದ ಬೆರಳು ಎರಡರ ಮೇಲೂ ಉದ್ದಕ್ಕೆ ಹಿಂಡಿದಷ್ಟು ಮುಖ, ಕತ್ತಿಗೆ. ನಾನು ಇಷ್ಟು ದಿನ ಹಚ್ತಿದ್ದದ್ದು ಕಡಲೆಕಾಳಿನಷ್ಟು! ಮೊದಲನೇ ದಿನ ಅಷ್ಟೂ ಹಚ್ಚಿದಾಗ ನಮ್ಮನೆಯವರು ಯಕ್ಷಗಾನಕ್ಕೆ ಹೊರಟಿದ್ದೀಯಾ ಅಂದ್ರು. ಈಗ ಎರಡು ಸಲ ಮಾಡಿ ತೆಳ್ಳಗೆ ಹಚ್ತೀನಿ, ಕೂರುತ್ತೆ. ಒಲೆ ಮುಂದೆ ಬೆವರು ಬಂದು ಕಣ್ಣಿಗೆ ಇಳಿಯೋದೊಂದೇ ಕಷ್ಟ. ರೊಟ್ಟಿ ತಟ್ಟೋ ಕೆಲಸ ಬೆಳಿಗ್ಗೆಯೇ ಮುಗಿಸಿ ಆಮೇಲೆ ಹಚ್ಕೊಳ್ಳೋಕೆ ಶುರು ಮಾಡಿದ್ದೀನಿ.

ಕೈಬೆರಳಿನ ಚುಕ್ಕಿ ಸ್ವಲ್ಪ ಮಾಸಿದೆ. ದವಡೆ ಗೆರೆ ಹಾಗೇ ಇದೆ, ಅಂಚು ಮಾತ್ರ ಮೆತ್ತಗಾಗಿದೆ. ಟ್ಯೂಬ್ ವಾಪಸ್ ತಗೊಂಡ್ರು, ದುಡ್ಡಿನ ಬದಲು ಮಗುಗೆ ಡೈಪರ್ ಕೊಟ್ರು.

ಅತ್ತೆಗೆ ಮೊದಲು ಮುಖ ಸಣ್ಣಗಾಯ್ತು. ಹೇಗೆ ಹೇಳೋದು ಅಂತ ತಿಳೀದೆ ಗಿರಿಜಮ್ಮನವರು ಬರೆದ ಹೊಸ್ತಿಲಿನ ಕಥೆ ಓದಿ ಹೇಳಿದೆ. ಸುಮ್ಮನೆ ಕೇಳಿಸ್ಕೊಂಡ್ರು. ಯುಗಾದಿ ದಿನ ಹೂರಣ ರುಬ್ಬುವಾಗ ನನ್ನ ಕಪಾಟಿಂದ ಆ ಜಾಯಿಕಾಯಿ ಇಸ್ಕೊಂಡು, ಇಡೀದನ್ನ ಅದಕ್ಕೆ ತುರಿದು ಹಾಕಿದ್ರು. ಹೋಳಿಗೆ ಸ್ವಲ್ಪ ಕಹಿ ಆಗಿತ್ತು, ಯಾರೂ ಏನೂ ಅನ್ಲಿಲ್ಲ.

ಇನ್ನೂ ಹಪ್ಪಳ ಬಾಕಿ ಇದೆ. ಸಂಜೆ ನಾಲ್ಕರ ಮೇಲೆ ಇಟ್ರೆ ಒಣಗುತ್ತಾ, ಯಾರಾದ್ರೂ ಮಾಡಿದ್ದೀರಾ?

ಗಿರಿಜಮ್ಮ, ತೀರ್ಥಹಳ್ಳಿ

ನಾಲ್ಕಕ್ಕೆ ಇಟ್ರೆ ಬೂಸ್ಟು ಹಿಡಿಯುತ್ತೆ. ಬೆಳಿಗ್ಗೆ ಒತ್ತಿ ಕೊಡು, ಮಾಳಿಗೆ ಮೇಲೆ ಹಾಕೋಕೆ ಗಂಡನ್ನ ಕಳಿಸು.